ಒಂದು ಕೂಗಿಗೆ ಓಗೊಡಬಾರದು

ಕೂತಲ್ಲಿ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಬೆಂಚು ಖಾಲಿ ಇದ್ದರೂ ಬಸ್ಸು ಬರುವ ತನಕ ಅತ್ತಿಂದಿತ್ತ ಓಡಾಡುತ್ತಿರುತ್ತೇನೆ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತರೂ ಒಂದು ಕಣ್ಣು ಅಡುಗೆಯವರ ಕಡೆಗೇ ಇರುತ್ತದೆ. ಅಂಥವಳಿಗೆ ಬಂದದ್ದು ಬರೀ ಕಾಯುವ ಕಾಯಿಲೆ. ಚೀಟಿಗೆ ಕಾಯಬೇಕು, ರಕ್ತದ ರಿಪೋರ್ಟಿಗೆ ಕಾಯಬೇಕು, ಡಾಕ್ಟರು ಊಟ ಮುಗಿಸಿ ಬರುವುದಕ್ಕೆ ಕಾಯಬೇಕು. ಕುತ್ತಿಗೆಯಲ್ಲಿ ಗಡ್ಡೆ ಇಟ್ಟುಕೊಂಡು ಈಗ ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಕಾಲು ಅಲ್ಲಾಡಿಸುತ್ತ ಕೂತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ಹೇಳುವುದು ಇಷ್ಟೇ. ನಾನೂ ಆ ಬೆಂಚಿನ ಮೇಲೆ ಕೂತಿದ್ದೆ, ನನ್ನ ಕೈಲೂ ಕೂರಲು ಆಗಿರಲಿಲ್ಲ.

ನನ್ನ ಹೆಸರು ಗೌರಿ. ಹನಗೋಡಿನ ಆಚೆ, ಕಾಡಿನ ಅಂಚಿನ ಒಂದು ಪುನರ್ವಸತಿ ಕಾಲೊನಿಯಲ್ಲಿ ಅಂಗನವಾಡಿ ಟೀಚರು. ನಾವು ಜೇನು ಕುರುಬರು. ನಾನು ಹುಟ್ಟಿದ್ದು ಕಾಡಿನೊಳಗಿನ ಹಾಡಿಯಲ್ಲಿ. ಲಾರಿ ಹತ್ತಿ ಹೊರಗೆ ಬಂದಾಗ ನನಗೆ ಹಾಲುಹಲ್ಲು ಬೀಳುವ ವಯಸ್ಸು. ಹೊರಗೆ ಬಂದರೆ ಮನೆ, ಜಮೀನು ಕೊಡುತ್ತೇವೆ ಎಂದು ಅರಣ್ಯ ಇಲಾಖೆಯವರು ಅಂದಿದ್ದರು, ಕೊಟ್ಟರು ಕೂಡ. ಈಗ ಸಾಲು ಮನೆಗಳಿವೆ, ಕರೆಂಟಿದೆ, ನಲ್ಲಿಯಿದೆ. ಮನೆಗಳ ಹಿಂದೆ ಆನೆ ದಾಟದಂತೆ ತೋಡಿದ ಕಂದಕವಿದೆ, ಅದರ ಆಚೆ ನಮ್ಮ ಹಳೆಯ ಕಾಡು ದಿನವೂ ಕಾಣುತ್ತದೆ.

ನನ್ನ ಆಸ್ತಿ ಅಂದರೆ ದನಿ. ಬೆಳಿಗ್ಗೆ ಅಂಗನವಾಡಿಯ ಬಾಗಿಲು ತೆಗೆದು ಒಂದು ಸಲ ಕೂಗಿದೆನೆಂದರೆ ಕಾಲೊನಿಯ ಕೊನೆಯ ಮನೆಯ ಮಗುವೂ ಚಡ್ಡಿ ಮರೆತು ಓಡಿ ಬರುತ್ತಿತ್ತು. ನನ್ನ ಗಂಡ ರಾಜು ಕೊಡಗಿನ ಕಾಫಿ ತೋಟಕ್ಕೆ ಕೆಲಸಕ್ಕೆ ಹೋಗುತ್ತಾನೆ, ವಾರಗಟ್ಟಲೆ ಅಲ್ಲೇ ಇರುತ್ತಾನೆ. ನಿನಗೆ ಫೋನು ದಂಡ, ಬಾಗಿಲಲ್ಲಿ ನಿಂತು ಕೂಗಿದರೆ ನನಗೆ ತೋಟದಲ್ಲೇ ಕೇಳುತ್ತದೆ ಎಂದು ರೇಗಿಸುತ್ತಿದ್ದ. ನನಗೆ ಅದು ಬೈಗುಳ ಅನ್ನಿಸುತ್ತಿರಲಿಲ್ಲ, ಹೆಮ್ಮೆಯೇ ಆಗುತ್ತಿತ್ತು.

ಗಡ್ಡೆಯನ್ನು ಮೊದಲು ಕಂಡುಹಿಡಿದದ್ದು ಡಾಕ್ಟರಲ್ಲ, ಅಂಗನವಾಡಿಯ ಒಂದು ಹೆಣ್ಣು ಮಗು. ನನ್ನ ತೊಡೆಯ ಮೇಲೆ ಕೂತು ಮೊಟ್ಟೆ ತಿನ್ನುತ್ತಿದ್ದವಳು ಗಂಟಲು ಮುಟ್ಟಿ, "ಟೀಚರ್ ನೆಲ್ಲಿಕಾಯಿ ನುಂಗ್ಬುಟ್ಟವ್ರೆ" ಎಂದು ಎಲ್ಲರಿಗೂ ಸಾರಿದಳು. ಮಕ್ಕಳೆಲ್ಲ ಸಾಲಾಗಿ ಬಂದು ಮುಟ್ಟಿ ನೋಡಿದವು. ನಾನೂ ನಕ್ಕೆ. ಸಂಜೆ ಕನ್ನಡಿ ಮುಂದೆ ನಿಂತು ಎಂಜಲು ನುಂಗಿದರೆ ಅದು ಮೇಲೆ ಹೋಗಿ ಕೆಳಗೆ ಬಂತು. ಆಗ ನಗು ಬರಲಿಲ್ಲ.

ನನ್ನ ಅವ್ವ ಬೊಮ್ಮಿ ನಮ್ಮ ಜೊತೆಗೇ ಇರುತ್ತಾಳೆ. ಅವಳು ಒಂದು ಬೇರು ತೇದು ಹಚ್ಚಿದಳು. ಕುತ್ತಿಗೆ ತಂಪಾಯಿತು, ಗಡ್ಡೆ ಮಾತ್ರ ಇದ್ದಲ್ಲೇ ಇತ್ತು. ಒಳ್ಳೆಯ ಬೇರು ಕಂದಕದ ಆಚೆ ಇದೆ, ಈಚೆಯದಕ್ಕೆ ಸತ್ವ ಇಲ್ಲ ಎಂದು ಅವ್ವ ಗೊಣಗಿಕೊಂಡಳು. ನಾನು ಹುಣಸೂರಿಗೆ ಹೋಗಿ ಸ್ಕ್ಯಾನು ಮಾಡಿಸಿದೆ. ಅಲ್ಲಿಂದ ಮೈಸೂರಿಗೆ ಕಳಿಸಿದರು. ಅಲ್ಲಿನ ಡಾಕ್ಟರು ಗಡ್ಡೆ ತೆಗೆಯಲೇಬೇಕು, ಬೆಳೆದರೆ ಉಸಿರಿನ ಕೊಳವೆಯನ್ನು ಒತ್ತುತ್ತದೆ ಎಂದರು. ಆಮೇಲೆ ಇನ್ನೊಂದು ಮಾತು ಹೇಳಿದರು. ದನಿಯ ನರ ಗಡ್ಡೆಯ ಬೆನ್ನಿಗೇ ಅಂಟಿಕೊಂಡು ಹೋಗುತ್ತದಂತೆ. ಎಷ್ಟೇ ಎಚ್ಚರಿಕೆಯಿಂದ ಮಾಡಿದರೂ ಕೆಲವರಿಗೆ ದನಿ ಬದಲಾಗಬಹುದಂತೆ, ಕಡಿಮೆಯಾಗಬಹುದಂತೆ. ಅದಾದ ಮೇಲೆ ಅವರು ಏನು ಹೇಳಿದರೋ ನನ್ನ ಕಿವಿಗೆ ಬೀಳಲಿಲ್ಲ. ಬಸ್ಸಿನಲ್ಲಿ ಬರುವಾಗ ಕಂಡಕ್ಟರಿಗೆ ಹನಗೋಡು ಎಂದು ಹೇಳಿದ್ದು ಬೇಕೆಂದೇ ಜೋರಾಗಿತ್ತು.

ಸರ್ಕಾರದ ಕಾರ್ಡಿನಲ್ಲಿ ಮಾಡಿಸೋಣವೆಂದರೆ ಒಂದು ಕಾರ್ಡಿನಲ್ಲಿ ಗೌರಿ, ಇನ್ನೊಂದರಲ್ಲಿ ಗೌರಮ್ಮ. ಅದನ್ನು ಸರಿ ಮಾಡಿಸಲು ಓಡಾಡುತ್ತಿದ್ದಾಗ ಸಿಕ್ಕಿದವರು ಶಿವಣ್ಣ. ಪಿರಿಯಾಪಟ್ಟಣದವರು, ಒಂದು ಸೇವಾ ಸಂಸ್ಥೆಯಲ್ಲಿ ಕೆಲಸ, ಹಾಡಿ ಹಾಡಿಗೆ ಬೈಕಿನಲ್ಲಿ ತಿರುಗುತ್ತಾರೆ. ಹೊರದೇಶದ ದಾನಿಗಳ ದುಡ್ಡಿನಲ್ಲಿ ನಿರಾಶ್ರಿತರಿಗೆ, ನೆಲೆ ತಪ್ಪಿದ ಕುಟುಂಬಗಳಿಗೆ ಆಪರೇಷನ್ ಮಾಡಿಸುತ್ತಾರೆ, ಬೈಲಕುಪ್ಪೆಯಲ್ಲಿ ಕ್ಯಾಂಪು ಇಟ್ಟು ಯಾರಿಗೆ ಬೇಕೆಂದು ಆರಿಸುತ್ತಾರೆ ಎಂದರು. ಟಿಬೆಟನ್ನರು ಬರುತ್ತಾರೆ, ಅಂತರಸಂತೆ ಕಡೆಯ ಹಾಡಿಗಳವರೂ ಬರುತ್ತಾರೆ, ನೀವೂ ಬನ್ನಿ ಎಂದರು. ಬೈಕಿನ ಸೀಟಿನ ಮೇಲೆ ಕಾಗದ ಇಟ್ಟುಕೊಂಡು, ನಿಮ್ಮನ್ನು ನಿರಾಶ್ರಿತರು ಅಂತ ಬರೆಯಲೇ ಎಂದು ಕೇಳಿದಾಗ ನನಗೆ ಸರ್ರನೆ ಕೋಪ ಬಂತು. ನಾವು ಯಾವ ದೇಶದಿಂದಲೂ ಓಡಿ ಬಂದವರಲ್ಲ, ಎಲ್ಲರಿಗಿಂತ ಮೊದಲು ಇಲ್ಲೇ ಇದ್ದವರು, ಬೇಕಿದ್ದರೆ ನಿಮ್ಮನ್ನೇ ಹಾಗೆ ಬರೆದುಕೊಳ್ಳಿ ಎಂದೆ.

ಶಿವಣ್ಣ ಪೆನ್ನು ಎತ್ತಿ ಹಿಡಿದು ನಿಂತರು. "ನಂಗೊತ್ತು ಟೀಚರಮ್ಮ. ಕಾಸು ಕೊಡೋರು ದೂರದಲ್ಲವ್ರೆ, ಅವ್ರಿಗೆ ಅರ್ಥ ಆಗೋದು ಇಷ್ಟೇಯ. ನೀವು ಮೊದ್ಲು ಗಂಟ್ಲು ಸರಿ ಮಾಡ್ಕಳಿ, ಆಮ್ಯಾಕೆ ಎಷ್ಟ್ ಬೇಕಾರೂ ಬಯ್ರಿ."

ಬೈಯಲು ದನಿ ಬೇಕಲ್ಲ. ನೆಲೆ ತಪ್ಪಿದವರು ಎಂದು ಬರೆದುಕೊಳ್ಳಲು ಒಪ್ಪಿದೆ.

ಮುಂದಿನದನ್ನು ಹೇಳುವ ಮುಂಚೆ ನಮ್ಮ ಹಾಡಿಯ ಒಂದು ರೂಢಿ ಹೇಳಬೇಕು. ಮುಖ ಕಾಣದ ಕಡೆಯಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ನಾವು ಮೊದಲ ಕೂಗಿಗೆ ಓಗೊಡುವುದಿಲ್ಲ. ಕಾಡಿನಲ್ಲಿ ದೆವ್ವವೂ ಕೂಗುತ್ತದೆ, ಅದೂ ನಮಗೆ ಬೇಕಾದವರ ದನಿಯಲ್ಲೇ ಕೂಗುತ್ತದೆ. ಆದರೆ ಅದಕ್ಕೆ ಒಂದೇ ಸಲ ಕೂಗಲು ಬರುವುದು. ಮನುಷ್ಯರಾದರೆ ಇನ್ನೊಂದು ಸಲ ಕೂಗುತ್ತಾರೆ. ಆದ್ದರಿಂದ ಮೊದಲ ಕೂಗಿಗೆ ಬಾಯಿ ಮುಚ್ಚಿಕೊಂಡಿರಬೇಕು, ಎರಡನೆಯದು ಬಂದ ಮೇಲೆ ಓ ಅನ್ನಬೇಕು. ನಾನು ಪಿಯುಸಿ ಓದಿದವಳು, ತಾಯಂದಿರಿಗೆ ಲಸಿಕೆಯ ಬಗ್ಗೆ ಪಾಠ ಹೇಳುವವಳು. ದೆವ್ವ ಇದೆಯೇ ಎಂದು ಕೇಳಿದರೆ ಇಲ್ಲ ಎನ್ನುತ್ತೇನೆ. ಆದರೂ ಬೆನ್ನ ಹಿಂದಿನಿಂದ ಯಾರಾದರೂ ಗೌರೀ ಎಂದರೆ ಇವತ್ತಿಗೂ ನನ್ನ ನಾಲಿಗೆ ಒಂದು ಗಳಿಗೆ ತಡೆಯುತ್ತದೆ.

ಬೈಲಕುಪ್ಪೆಯ ಒಂದು ಸಭಾಭವನದಲ್ಲಿ ಕ್ಯಾಂಪು. ಬೆಳಿಗ್ಗೆಯೇ ಹೋಗಿ ಕೂತೆವು, ಅಂದರೆ ಅವ್ವ ಕೂತಳು, ನಾನು ನಿಂತು, ನಡೆದು, ನೀರು ಕುಡಿದು, ಗೋಡೆಯ ಮೇಲಿದ್ದದ್ದನ್ನೆಲ್ಲ ಓದಿ ಮುಗಿಸಿದೆ. ಜಪಮಣಿ ಎಣಿಸುತ್ತಿದ್ದ ಟಿಬೆಟನ್ ಮುದುಕರು, ಮಗುವನ್ನು ಸೆರಗಿನಲ್ಲಿ ಕಟ್ಟಿಕೊಂಡಿದ್ದ ಹಾಡಿಯ ಹೆಂಗಸರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಅವ್ವ ಮಣಿಕಟ್ಟು ಹಿಡಿದು ಎಳೆದು ಕೂರಿಸಿಕೊಂಡಳು. ಡಾಕ್ಟರುಗಳು ಹಸಿರು ಪರದೆಯ ಹಿಂದೆ. ಹೆಸರು ಕೂಗುವವರೂ ಪರದೆಯ ಹಿಂದೆಯೇ. ದನಿ ಮಾತ್ರ ಕಂಬಕ್ಕೆ ಕಟ್ಟಿದ ಸ್ಪೀಕರಿನಿಂದ ಬರುತ್ತಿತ್ತು.

ಮಧ್ಯಾಹ್ನ ಕಳೆದು ಎಷ್ಟೋ ಹೊತ್ತಾದ ಮೇಲೆ ನನ್ನ ಹೆಸರು ಬಂತು. ಗೌರಿ, ಹನಗೋಡು ಕಡೆಯವರು ಎಂದಿತು ಕಂಬ. ಅವ್ವನ ಕೈ ನನ್ನ ಮಣಿಕಟ್ಟನ್ನು ಒತ್ತಿತು. ನನ್ನ ನಾಲಿಗೆಯೂ ತಾನೇ ತಡೆಯಿತು. ಇಬ್ಬರೂ ಎರಡನೆಯ ಕೂಗಿಗೆ ಕಾದೆವು. ಬಂದದ್ದು ಬೇರೆಯವರ ಹೆಸರು.

ನಾನು ಕೈ ಕೊಸರಿಕೊಂಡು ಓಡಿದೆ. ಅಷ್ಟರಲ್ಲಿ ಆ ಹೆಸರಿನ ಮುದುಕ ಪರದೆಯೊಳಗೆ ಹೋಗಿಯಾಗಿತ್ತು. ಕರೆದಾಗ ಬರದವರು ಕೊನೆಗೆ ಬರಬೇಕು ಎಂದರು. ಅದೂ ಸರಿಯೇ, ಬಾಗಿಲ ತನಕ ಜನ ಇತ್ತು. ಕೊನೆಯ ತನಕ ಕಾದೆ. ನನ್ನ ಸರದಿ ಬರುವ ಹೊತ್ತಿಗೆ ಆ ಸಲದ ಆಪರೇಷನ್ನುಗಳಿಗೆ ಜನ ಭರ್ತಿಯಾಗಿದ್ದರು. ಡಾಕ್ಟರಮ್ಮ ಕೇರಳದ ಕಡೆಯವರು, ಕೋಟು ಮಡಚಿ ಚೀಲಕ್ಕೆ ಹಾಕುತ್ತಿದ್ದವರು ನಿಂತು ಗಂಟಲು ಮುಟ್ಟಿ ನೋಡಿದರು. ಮುಂದಿನ ಸಲ ಬರುವಾಗ ನಿಮ್ಮನ್ನೇ ಮೊದಲು ನೋಡುತ್ತೇನೆ ಎಂದರು. ಮುಂದಿನ ಸಲ ಯಾವಾಗ ಎಂದರೆ, ದಾನಿಗಳಿಂದ ದುಡ್ಡು ಬಂದಾಗ ಎಂದರು.

ಬಸ್ಸಿನಲ್ಲಿ ಅವ್ವನ ಜೊತೆ ಜಗಳ. ಜಗಳ ಅಂದರೆ ನಾನೊಬ್ಬಳೇ ಆಡಿದ್ದು. ಮೈಕಿನೊಳಗೆ ಎಂಥಾ ದೆವ್ವ ಇರುತ್ತದೆ, ದೆವ್ವಕ್ಕೆ ಕರೆಂಟು ಬೇಕೇ, ಡಾಕ್ಟರು ಕರೆದರೆ ಎದ್ದು ಹೋಗಬಾರದೇ ಎಂದು ನಾನು ಕಿರುಚಿದ್ದನ್ನು ಪಿರಿಯಾಪಟ್ಟಣದ ತನಕ ಬಸ್ಸೆಲ್ಲ ಕೇಳಿತು. ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಮನೆಗೆ ಬಂದು ಒಲೆ ಹಚ್ಚಿದ ಮೇಲೆ ಬಾಯಿ ಬಿಟ್ಟಳು.

"ಒಂದೇ ಕೂಗಿಗೆ ಎದ್ದೋದದ್ದು ಒಂದ್ ಸಲ ಕಣವ್ವ. ಲಾರಿ ಬಂದ್ ದಿನ. ಲಾರಿ ಇಂದ್ಗಡೆಯಿಂದ ಯಾರೋ ನಿಮ್ಮಪ್ಪನ್ ಎಸ್ರು ಕೂಗುದ್ರು. ಅವ್ನು ಓ ಅಂದು ಎದ್ಬುಟ್ಟ. ಇನ್ನೊಂದ್ ಕೂಗ್ ಬರಗಂಟ ಕೂತಿದ್ರೆ ಏನಾಯ್ತಿತ್ತೋ, ನಂಗೊತ್ತಿಲ್ಲ. ಕೂರ್ನಿಲ್ಲ, ಅಷ್ಟೇಯ."

ಅಪ್ಪ ಹೊರಗೆ ಬಂದು ಹೆಚ್ಚು ದಿನ ಬದುಕಲಿಲ್ಲ. ಅವನಿಗೆ ಈ ಸಾಲು ಮನೆಗಳಲ್ಲಿ ನಿದ್ದೆ ಹತ್ತುತ್ತಿರಲಿಲ್ಲ ಎಂಬುದಷ್ಟೇ ನನಗೆ ನೆನಪು. ಅವ್ವನ ಪಕ್ಕ ಕೂತು ಒಲೆಗೆ ಸೌದೆ ಒಟ್ಟಿದೆ. ಹಾಗಂತ ನನ್ನ ಕೋಪ ಇಳಿಯಿತೆಂದರೆ ಸುಳ್ಳಾಗುತ್ತದೆ.

ಮುಂದಿನ ತಿಂಗಳುಗಳನ್ನು ಹೇಗೆ ಕಳೆದೆನೋ. ನೆಲ್ಲಿಕಾಯಿ ನಿಂಬೆಹಣ್ಣಾಯಿತು. ಅಂಗಾತ ಮಲಗಿದರೆ ಎದೆಯ ಮೇಲೆ ಯಾರೋ ಕೂತಂತೆ, ಮಗ್ಗುಲಾದರೆ ಕೆಮ್ಮು. ಮುದ್ದೆಯನ್ನು ಸಣ್ಣ ಸಣ್ಣ ತುತ್ತು ಮಾಡಿ ನುಂಗುವುದು ರೂಢಿಯಾಯಿತು. ಯಾರು ಬಂದರೂ ಮೊದಲು ನನ್ನ ಕುತ್ತಿಗೆ ನೋಡಿ ಆಮೇಲೆ ಮುಖ ನೋಡುತ್ತಿದ್ದರು. ಶಿವಣ್ಣನಿಗೆ ದಿನ ಬಿಟ್ಟು ದಿನ ಫೋನು ಮಾಡಿ ದುಡ್ಡು ಬಂತಾ ಎಂದು ಕೇಳುತ್ತಿದ್ದೆ. ಬೇಸರ ಮಾಡಿಕೊಳ್ಳದೆ ಇಲ್ಲ ಎನ್ನುತ್ತಿದ್ದರು. ರಾಜು ತೋಟದಿಂದ ಬಂದಾಗಲೆಲ್ಲ ತಲೆದಿಂಬು ಸರಿ ಮಾಡುತ್ತ, ಮಾತು ಬರದಿದ್ದರೆ ಮನೆ ತಣ್ಣಗಿರುತ್ತದೆ ಬಿಡು ಎಂದು ತಮಾಷೆ ಮಾಡುತ್ತಿದ್ದ. ಒಂದು ದಿನ ತಮಾಷೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೊರಗೆ ಹೋದ. ಅವತ್ತಿನಿಂದ ಆ ಮಾತು ಆಡಲಿಲ್ಲ.

ದನಿ ಹೋಗುತ್ತದೆ ಎಂಬ ಭಯಕ್ಕೆ ನಾನೊಂದು ಕೆಲಸ ಮಾಡಿದೆ. ಅಂಗನವಾಡಿಯಲ್ಲಿ ಯಾರೂ ಇಲ್ಲದಾಗ ಫೋನಿನಲ್ಲಿ ನನ್ನ ದನಿಯನ್ನು ರೆಕಾರ್ಡ್ ಮಾಡಿಟ್ಟೆ. ಬೆಳಿಗ್ಗೆ ಮಕ್ಕಳನ್ನು ಕೂಗುವ ಕೂಗು, ರಾಜುವನ್ನು ಬೈಯುವ ಬೈಗುಳ, ಕಡೆಗೆ ಅವ್ವೋ ಎಂದು ಒಂದು ಉದ್ದನೆಯ ಕೂಗು. ಹೊಟ್ಟೆಗೆ ಇಲ್ಲದ ಕಾಲಕ್ಕೆಂದು ರಾಗಿ ತುಂಬಿಡುತ್ತಾರಲ್ಲ, ಹಾಗೆ. ಆಮೇಲೆ ಒಬ್ಬಳೇ ಕೂತು ಅತ್ತೆ.

ಎರಡನೆಯ ಕ್ಯಾಂಪು ಬಂದಾಗ ಶಿವಣ್ಣ ತಾವೇ ನನ್ನನ್ನು ಪರದೆಯೊಳಗೆ ಕರೆದುಕೊಂಡು ಹೋಗಿ ನಿಲ್ಲಿಸಿದರು. ಕೂಗುವ ಗೋಜೇ ಬೇಡ ಟೀಚರಮ್ಮ ಎಂದರು. ಡಾಕ್ಟರಮ್ಮ ಕೊಟ್ಟ ಮಾತು ಉಳಿಸಿಕೊಂಡರು. ಸ್ವಲ್ಪ ದಿನಕ್ಕೆ ಮೈಸೂರು ರಸ್ತೆಯ ಒಂದು ಆಸ್ಪತ್ರೆಯಲ್ಲಿ ಮಂಚ ಸಿಕ್ಕಿತು.

ಪಕ್ಕದ ಮಂಚದಲ್ಲಿ ಡೋಲ್ಮಾ ಅಜ್ಜಿ ಇದ್ದಳು. ಬೈಲಕುಪ್ಪೆಯ ಟಿಬೆಟನ್ ಮುದುಕಿ, ಪಿತ್ತಕೋಶದಲ್ಲಿ ಕಲ್ಲು. ಹಿಂದೆಲ್ಲ ಚಳಿಗಾಲದಲ್ಲಿ ಮೈಸೂರಿನ ರಸ್ತೆಯಲ್ಲಿ ಸ್ವೆಟರ್ ಮಾರುತ್ತಿದ್ದಳಂತೆ, ಕನ್ನಡವೆಲ್ಲ ಚೌಕಾಸಿಯ ಕನ್ನಡ. ನನ್ನ ಹಾಗೆ ಅವಳಿಗೂ ಸುಮ್ಮನೆ ಮಲಗಲು ಬಾರದು. ಮೊದಲ ದಿನವೇ ನಾನು ಅವ್ವನ ಮೇಲೆ ದೂರು ಹೇಳಿದೆ, ಮೈಕಿನ ಕಥೆಯನ್ನೆಲ್ಲ ಒಪ್ಪಿಸಿದೆ. ಅವಳು ಪಕ್ಕೆ ಹಿಡಿದುಕೊಂಡು ನಕ್ಕಳು. ಅವ್ವನಿಗೆ ಸಿಟ್ಟು ಬಂತು. ಬೈಲಕುಪ್ಪೆಯೂ ಕಾಡೇ ಆಗಿತ್ತು, ಅದನ್ನು ಕಡಿದು ನಿಮಗೆ ಕೊಟ್ಟರು, ನಮಗೆ ಇದ್ದ ಕಾಡೂ ಇಲ್ಲದಂತಾಯಿತು ಎಂದು ಮುಖಕ್ಕೆ ಹೊಡೆದ ಹಾಗೆ ಅಂದುಬಿಟ್ಟಳು. ನನಗೆ ನಾಚಿಕೆಯಾಯಿತು.

ಅಜ್ಜಿ ನಗು ನಿಲ್ಲಿಸಿದಳು. "ಹೌದು. ನಾವು ಬಂದಾಗ ಎಲ್ಲಾ ಮರ. ಆನೆ ನೋಡಿ ನಮ್ಮಮ್ಮ ಅಳ್ತಿದ್ಲು. ಇಲ್ಲಿ ಯಾರ್ ಇದ್ರು ಅಂತ ನಮ್ಗೆ ಯಾರೂ ಹೇಳಿಲ್ಲ." ಅವ್ವನ ಕಡೆ ತಿರುಗಿ, "ನಿಂದು ಊರು ಕಣ್ಣಿಗೆ ಕಾಣ್ತದೆ, ಹೋಗಕ್ಕೆ ಆಗಲ್ಲ. ನಂದು ಕಾಣದೂ ಇಲ್ಲ" ಎಂದಳು.

ಸಂಜೆ ಅಜ್ಜಿಯ ಮಗಳು ಹಬೆಯಲ್ಲಿ ಬೇಯಿಸಿದ ದಪ್ಪ ರೊಟ್ಟಿ ತಂದುಕೊಟ್ಟಾಗ ಅವ್ವ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಅವ್ವ ಹೊರಗಿನವರ ಕೈಯ ಊಟ ಮುಟ್ಟುವವಳಲ್ಲ, ಇದು ನಾನು ಕಂಡ ಹೊಸತು.

ಮಾರನೆಯ ದಿನ ಅವ್ವ ಅಜ್ಜಿಯನ್ನು ತಾನಾಗಿಯೇ ಮಾತಿಗೆ ಎಳೆದಳು. ನನ್ನ ಆಪರೇಷನ್ನಿಗೆ ದುಡ್ಡು ಕೊಡುವವರು ಯಾರೆಂದು ಶಿವಣ್ಣನಿಗೂ ಗೊತ್ತಿಲ್ಲ, ಯಾವುದೋ ದೇಶದ ಯಾರೋ. ಅದು ಅವಳನ್ನು ಕೊರೆಯುತ್ತಿತ್ತು. ಮುಖ ಕಾಣದವರು ಕೂಗಿದರೆ ಓಗೊಡಬಾರದು, ಹಾಗಿರುವಾಗ ಮುಖ ಕಾಣದವರು ಕೊಟ್ಟದ್ದನ್ನು ಇಸಿದುಕೊಳ್ಳಬಹುದೇ ಎಂಬುದು ಅವಳ ಪ್ರಶ್ನೆ. ನನಗೆ ನಗು ಬಂದರೂ ಒಳಗೆ ಅದೇ ಮುಳ್ಳು ನನ್ನನ್ನೂ ಚುಚ್ಚುತ್ತಿತ್ತು. ಯಾರಿಗೆ ಋಣಿ ಎಂದು ಗೊತ್ತಿಲ್ಲದ ಋಣ ಬಹಳ ಇರುಸುಮುರುಸು ಮಾಡುತ್ತದೆ. ಅಜ್ಜಿ ಹೇಳಿದಳು, ತಾನು ಚಿಕ್ಕವಳಿದ್ದಾಗ ಕುಡಿದ ಹಾಲಿನ ಪುಡಿ, ಹಾಕಿಕೊಂಡ ಮೊದಲ ಬೂಟು, ಎಲ್ಲವೂ ಮುಖ ಕಾಣದವರು ಕಳಿಸಿದ್ದೇ. ಬೂಟು ದೊಡ್ಡದಾಗಿತ್ತಂತೆ, ಒಳಗೆ ಬಟ್ಟೆ ತುರುಕಿಕೊಂಡು ನಡೆದಳಂತೆ. ಯಾರ ಬೂಟು ಎಂದು ಕೇಳಿಕೊಂಡು ಕೂತಿದ್ದರೆ ಚಳಿಗೆ ಕಾಲೇ ಹೋಗುತ್ತಿತ್ತು ಎಂದಳು. ಅವ್ವ ಬಗ್ಗಿ ಅಜ್ಜಿಯ ಕಾಲು ನೋಡಿದಳು.

ಆಪರೇಷನ್ನಿನ ದಿನ ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲ. ಹಸಿರು ಗೌನು ಹಾಕಿಸಿ ಕೂರಿಸಿದ್ದರು. ಅಜ್ಜಿಯ ಆಪರೇಷನ್ ಹಿಂದಿನ ದಿನವೇ ಮುಗಿದಿತ್ತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಣ್ಣು ಮುಚ್ಚಿದ್ದಳು. ರಾಜು ಔಷಧಿ ತರಲು ಕೆಳಗೆ ಹೋಗಿದ್ದ. ನಾನು ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ ನಡೆಯುತ್ತ ಮಾತಾಡುತ್ತಲೇ ಇದ್ದೆ. ಸಿಕ್ಕ ಸಿಕ್ಕ ಮಾತು, ಮಕ್ಕಳ ಹೆಸರು, ಅ ಆ ಇ ಈ. ಇದೇ ಕಡೆಯ ಸಲವಾದರೆ ಎಂದು ಎಲ್ಲವನ್ನೂ ಒಂದೊಂದು ಸಲ ಆಡಿ ಮುಗಿಸುವ ಆತುರ. ಅವ್ವ ಮತ್ತೆ ಮಣಿಕಟ್ಟು ಹಿಡಿದು ಕೂರಿಸಿಕೊಂಡಳು.

ಆಗ ಬಾಗಿಲಿನ ಆಚೆಯಿಂದ, ಕಾರಿಡಾರಿನಲ್ಲಿ ಎಲ್ಲಿಂದಲೋ, ನರ್ಸು ನನ್ನ ಹೆಸರು ಕೂಗಿದಳು. ಮುಖ ಕಾಣಲಿಲ್ಲ. ಅವ್ವನ ಕೈ ಬಿಗಿಯಿತು. ಈ ಸಲ ನಾನು ಏಳಬಹುದಿತ್ತು, ಕೊಸರಿಕೊಳ್ಳಬಹುದಿತ್ತು. ಆದರೆ ಭಯವಾಗಿತ್ತು, ಅವ್ವನ ಕೈ ನನ್ನನ್ನು ಹಿಡಿದಿದೆ ಎಂಬುದೇ ಆ ಹೊತ್ತಿಗೆ ಹಿತವಾಗಿತ್ತು. ಎರಡನೆಯ ಕೂಗು ಬರಲಿಲ್ಲ. ನರ್ಸಿನ ಚಪ್ಪಲಿಯ ಸದ್ದು ದೂರ ಹೋಯಿತು. ನಾನು ಅವ್ವನ ಮುಖ ನೋಡಿದೆ. ಅವಳಿಗೂ ಬಿಡಬೇಕೆಂದು ಇತ್ತು, ಬಿಡಲು ಆಗುತ್ತಿರಲಿಲ್ಲ.

"ಗೌರೀ," ಎಂದಿತು ಪಕ್ಕದ ಮಂಚ.

ಡೋಲ್ಮಾ ಅಜ್ಜಿ ಕಣ್ಣು ಬಿಟ್ಟು, ಹೊಲಿಗೆ ಹಾಕಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಅಮುಕಿಕೊಂಡು ನಮ್ಮನ್ನೇ ನೋಡುತ್ತಿದ್ದಳು. "ಎರಡನೇದು ನಾನ್ ಕೂಗ್ದೆ. ನನ್ ಮುಖ ಕಾಣ್ತದಲ್ಲ? ಈಗ ಕಳ್ಸು."

ಅವ್ವ ನನ್ನ ಕೈ ಬಿಟ್ಟಳು. "ಓ ಅನ್ನು ಮಗ" ಎಂದಳು. ನಾನು ಓ ಎಂದೆ. ನನ್ನ ಹಳೆಯ ದನಿಯಲ್ಲಿ ನಾನು ಗಟ್ಟಿಯಾಗಿ ಆಡಿದ ಕಡೆಯ ಮಾತು ಅದೇ.

ಎಚ್ಚರವಾದಾಗ ಮೊದಲು ತಿಳಿದದ್ದು ಚಳಿ. ಡಾಕ್ಟರಮ್ಮನ ಮುಖ ಮೇಲೆ ತೇಲುತ್ತಿತ್ತು. ಹೆಸರು ಹೇಳಿ ಎಂದರು. ಬಾಯಿ ತೆರೆದೆ. ಒಡೆದ ಕೊಳಲಿನಿಂದ ಬಂದ ಹಾಗೆ ಗಾಳಿ ಮಾತ್ರ ಬಂತು. ಇನ್ನೊಂದು ಸಲ ಎಂದರು. ಗಾಳಿಯ ನಡುವೆ ಒಂದು ಗ ಬಂತು. ನರ ಕಡಿದಿಲ್ಲ, ಗಡ್ಡೆ ಅದನ್ನು ಸುತ್ತಿಕೊಂಡಿತ್ತು, ಬಿಡಿಸುವಾಗ ದಣಿದಿದೆ, ದನಿ ಬರುತ್ತದೆ ಎಂದರು. ಮೊದಲಿನ ಹಾಗೆಯೇ ಬರುತ್ತದೆಯೇ ಎಂದು ಕಣ್ಣಲ್ಲೇ ಕೇಳಿದೆ. ಅವರಿಗೆ ಅರ್ಥವಾಯಿತು. ಸುಳ್ಳು ಹೇಳಲಿಲ್ಲ. ಕಾಯಬೇಕು ಎಂದರು. ಆ ಪದವನ್ನು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಬಿಡುಗಡೆಯ ದಿನ ಶಿವಣ್ಣ ಬಂದರು. ದಾನಿಗಳಿಗೆ ಕಳಿಸಲು ಒಂದು ವಿಡಿಯೋ ಬೇಕು, ಎರಡು ಮಾತು ಧನ್ಯವಾದ ಹೇಳಿ ಟೀಚರಮ್ಮ ಎಂದು ಫೋನು ಹಿಡಿದರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ನಾನು ನಕ್ಕೆ, ಸದ್ದಿಲ್ಲದ ನಗು, ಹೊಲಿಗೆ ಎಳೆಯಿತು. ಕೈ ಮುಗಿದೆ. ತೋರಿಕೆಗೆ ಮುಗಿಯುತ್ತೇನೆ ಅಂದುಕೊಂಡಿದ್ದೆ, ಆದರೆ ಮುಗಿದ ಕೈ ಇಳಿಸಲು ಮನಸ್ಸು ಬರಲಿಲ್ಲ. ರಾತ್ರಿಯೆಲ್ಲ ಅಂಗಾತ ಮಲಗಿ ಉಸಿರಾಡಿದ್ದೆ, ಎದೆಯ ಮೇಲೆ ಯಾರೂ ಕೂತಿರಲಿಲ್ಲ. ಆ ದೇಶದ ಆ ಯಾರೋ ತಣ್ಣಗಿರಲಿ ಎಂದು ನಿಜವಾಗಿಯೂ ಅನ್ನಿಸಿತು.

ತೆಗೆದ ಗಡ್ಡೆಯಲ್ಲಿ ಕೆಟ್ಟದ್ದೇನೂ ಇಲ್ಲ ಎಂದು ರಿಪೋರ್ಟು ಬಂತು. ರಾಜು ಅದನ್ನು ಓದಿಸಿಕೊಂಡು ಬಂದು ಜಗಲಿಯ ಮೇಲೆ ಕೂತು ಅತ್ತ. ಬೆಳಿಗ್ಗೆ ಬರಿಹೊಟ್ಟೆಗೆ ಮಾತ್ರೆ, ಬೆರಳ ತುದಿ ಜುಮುಗುಟ್ಟಿದರೆ ಇನ್ನೊಂದು ಮಾತ್ರೆ. ಗಟ್ಟಿಯಾಗಿ ಮಾತಾಡಬಾರದು, ಕೂಗಲೇಬಾರದು. ದನಿ ಸ್ವಲ್ಪ ಸ್ವಲ್ಪವೇ ಬಂತು, ಅರ್ಧ ಗಾಳಿ, ಅರ್ಧ ಒರಟು. ಹೇಳಿದ್ದನ್ನೇ ಮತ್ತೆ ಹೇಳಬೇಕಿತ್ತು. ಅಂಗಡಿಯವನು ಏನಮ್ಮ ಎಂದು ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದರೆ ಅಳು ಬರುತ್ತಿತ್ತು.

ಅಂಗನವಾಡಿಗೆ ಮತ್ತೆ ಹೋದಾಗ ಸ್ಟೀಲು ತಟ್ಟೆಗೆ ಸೌಟಿನಿಂದ ಬಡಿದು ಮಕ್ಕಳನ್ನು ಕರೆದೆ. ಬಂದವು, ಆದರೆ ನಿಧಾನಕ್ಕೆ, ಬಾಗಿಲಲ್ಲಿ ನಿಂತು ನೋಡಿಕೊಂಡು. ಒಂದು ದಿನ ತಡೆಯಲಾರದೆ ಫೋನಿನ ರೆಕಾರ್ಡು ಹಾಕಿದೆ. ನನ್ನ ಹಳೆಯ ದನಿ ಕಾಲೊನಿಗೆಲ್ಲ ಕೇಳಿತು. ಮಕ್ಕಳು ಓಡಿ ಬಂದವು, ಬಂದು ನನ್ನ ಬಾಯಿ ನೋಡಿದವು, ಫೋನು ನೋಡಿದವು. ನನ್ನ ದನಿಯ ಮೇಲೆ ನನಗೇ ಹೊಟ್ಟೆಕಿಚ್ಚಾಯಿತು. ಮಾರನೆಯ ದಿನದಿಂದ ಮತ್ತೆ ತಟ್ಟೆ.

ಆದರೂ ಚಟ ಬಿಡಲಿಲ್ಲ. ಅವ್ವ ಹಿತ್ತಿಲಿನಲ್ಲಿದ್ದಾಗ ಒಮ್ಮೆ ಒಳಗಿನಿಂದ ರೆಕಾರ್ಡಿನ ಆ ಕಡೆಯ ಕೂಗನ್ನು ಹಾಕಿದೆ. ಅವ್ವೋ. ಅಷ್ಟು ಚೆಂದದ, ತುಂಬಿದ ಕೂಗು. ಹಿತ್ತಿಲಿನಿಂದ ಉತ್ತರ ಬರಲ್ಲ ಎಂದು ಗೊತ್ತಿತ್ತು, ಒಂದೇ ಕೂಗು ತಾನೆ. ಇನ್ನೊಂದು ಸಲ ಹಾಕಿದೆ. ಆಗಲೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗೆ ಬಂದು ಫೋನಿನ ಕಡೆ ನೋಡಿ, ಅದನ್ನು ಅಳಿಸಿಬಿಡು ಎಂದಳು. ನನಗೆ ರೇಗಿತು. ಎರಡು ಸಲ ಕೂಗಿದರೂ ಓಗೊಡದಿದ್ದರೆ ಇನ್ನೇನು ಮಾಡಬೇಕು, ಇನ್ನು ಮುಂದೆ ನನಗೆ ಒಂದು ಸಲ ಕೂಗಲೂ ಆಗುವುದಿಲ್ಲವಲ್ಲ ಎಂದು ಒಡಕು ದನಿಯಲ್ಲೇ ಹರಿಹಾಯ್ದೆ. ಅವ್ವ ನೀರು ಕುಡಿದು ಹೊರಗೆ ಹೋದಳು.

ಅದಾಗಿ ಕೆಲವು ದಿನಕ್ಕೆ ಒಂದು ಸಂಜೆ, ಹೊತ್ತು ಮುಳುಗುವ ಸಮಯ. ಅವ್ವ ಸೊಪ್ಪು ಕೀಳಲು ಕಂದಕದ ಕಡೆ ಹೋದವಳು ಬಂದಿರಲಿಲ್ಲ. ಆನೆ ಕಂದಕ ದಾಟಿದೆ, ಈಚೆ ದಡದಲ್ಲೇ ಹೆಜ್ಜೆ ಇದೆ ಎಂದು ಯಾರೋ ಹೇಳಿಕೊಂಡು ಹೋದರು. ದೂರದಲ್ಲಿ ಆನೆ ಓಡಿಸುವ ಪಟಾಕಿ ಸಿಡಿಯಿತು. ನಾನು ಮನೆಯ ಹಿಂದಕ್ಕೆ ಓಡಿದೆ. ಆಳೆತ್ತರದ ಲಂಟಾನ ಪೊದೆ, ಯಾವ ಕಡೆ ಹೋಗಲಿ? ಮೊದಲಾಗಿದ್ದರೆ ಒಂದು ಕೂಗು ಕಾಡಿನ ತನಕ ಹೋಗುತ್ತಿತ್ತು. ಡಾಕ್ಟರಮ್ಮನ ಮಾತು ನೆನಪಾಯಿತು, ಬದಿಗೆ ತಳ್ಳಿದೆ. ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದೆ.

ಅವ್ವೋ ಎನ್ನಲು ಹೋದದ್ದು. ಬಂದದ್ದು ಮಧ್ಯಕ್ಕೆ ಸೀಳಿದ ಸದ್ದು, ಅರ್ಧ ಗಾಳಿ, ಅರ್ಧ ಕರ್ಕಶ, ಕೊನೆಗೆ ಕೆಮ್ಮು. ಗಂಟಲು ಉರಿಯಿತು. ಇನ್ನೊಂದು ಸಲ ಕೂಗುವ ಶಕ್ತಿ ಇರಲಿಲ್ಲ. ಅವ್ವ ಕೇಳಿಸಿಕೊಂಡರೂ ಎರಡನೆಯ ಕೂಗಿಗೆ ಕಾಯುತ್ತಾಳೆ, ಆನೆ ಕಾಯುವುದಿಲ್ಲ ಎಂದು ಕೆಮ್ಮುತ್ತಲೇ ಪೊದೆಯ ಕಡೆ ಹೆಜ್ಜೆ ಹಾಕಿದೆ.

"ಓ," ಎಂದಿತು ಪೊದೆ. ನನ್ನ ಕೆಮ್ಮು ನಿಲ್ಲುವ ಮುಂಚೆಯೇ.

ಮಡಿಲ ತುಂಬ ಸೊಪ್ಪು ಕಟ್ಟಿಕೊಂಡು ಅವ್ವ ದಾರಿಗೆ ಬಂದಳು. ಆನೆಯ ವಿಷಯ ಹೇಳಿ ಕೈ ಹಿಡಿದು ದರದರ ಎಳೆದುಕೊಂಡು ಹೊರಟೆ. ಮೊದಲ ಮನೆಯ ಬೆಳಕು ಬಿದ್ದ ಮೇಲೆ ನಿಂತು ಕೇಳಿದೆ, ಒಂದೇ ಕೂಗಿಗೆ ಹೇಗೆ ಓಗೊಟ್ಟೆ ಎಂದು.

"ದೆವ್ವ ನಿನ್ ಅಳೇ ದನೀಲೇ ಕೂಗ್ತದೆ ಕಣವ್ವ. ಮೊನ್ನೆ ಪೋನಲ್ಲಿ ಕೂಗ್ತಲ್ಲ, ಅಂಗೆ. ಈ ಒಡಕು ದನಿ ಅದುಕ್ಕೆ ಬರಾಕಿಲ್ಲ. ಇದು ನಿಂದೊಂದೇಯ."

ಇಷ್ಟು ಹೇಳಿ ಸೊಪ್ಪಿನ ಗಂಟನ್ನು ನನ್ನ ಕೈಗೆ ಕೊಟ್ಟು ಮುಂದೆ ನಡೆದಳು. ಮಾತಾಡಬೇಡ, ಗಂಟಲು ನೋಯುತ್ತದೆ ಎಂದು ತಿರುಗಿ ನೋಡದೆಯೇ ಗದರಿದಳು. ಮನೆ ಮುಟ್ಟುವ ತನಕ ನಾನು ಮಾತಾಡುತ್ತಲೇ ಇದ್ದೆ.